ರಾಗಿಯ ಸಿಪ್ಪೆಯೂ ದೇಹದ ಉತ್ಕರ್ಷಣಕ್ರಿಯೆಯೂ

ಶ್ರೀರಂಗಪಟ್ಟಣ, ಪಾಂಡವಪುರಗಳ ಕಾಲುವೆ ಬಯಲಿನಲ್ಲಿ ಬತ್ತ, ಕಬ್ಬುಗಳು ಪ್ರಧಾನ; ನಾಗಮಂಗಲ, ಕೃಷ್ಣರಾಜಪೇಟೆಗಳ ಮಳೆಯಾಧಾರದ ಹೊಲಗಳಲ್ಲಿ ರಾಗಿ. ಬತ್ತವು ಗಿರಣಿಯಲ್ಲಿ ಬೆಳ್ಳಗಾಗುವಾಗ ತೌಡನ್ನು ಕಳೆದುಕೊಳ್ಳುತ್ತದೆ. ರಾಗಿಯ ಕಾಳು ಅತಿ ಸಣ್ಣದು. ಸಿಪ್ಪೆ ತಿರುಳಿಗೆ ಬಿಗಿಯಾಗಿ ಅಂಟಿರುವುದರಿಂದ ಇಡಿಯಾಗಿ ಬೀಸುವುದೇ ರೂಢಿ. ಮುದ್ದೆಗೆ ಕಂದು ಬಣ್ಣ ಕೊಡುವ ಈ ಸಿಪ್ಪೆಯಲ್ಲಿಯೇ ಕಾಳಿನ ಫೀನಾಲು ಸಂಯುಕ್ತಗಳ ಬಹುಭಾಗ ಸೇರಿದೆ.

ಇವುಗಳ ಕೆಲಸವೇನು? ಜೀವಕೋಶವು ಆಮ್ಲಜನಕವನ್ನು ಬಳಸುವಾಗ ಅದರ ಅಲ್ಪಾಂಶವು ಒಂಟಿ ಎಲೆಕ್ಟ್ರಾನುಳ್ಳ ಮುಕ್ತ ರ‍್ಯಾಡಿಕಲ್ಲುಗಳಾಗಿ ಮಾರ್ಪಡುತ್ತದೆ. ಅಂಥದೊಂದು ಕೋಶಪೊರೆಯ ಮೇದಸ್ಸಿನಿಂದ ಜಲಜನಕದ ಪರಮಾಣುವನ್ನು ಕಿತ್ತುಕೊಂಡರೆ, ಕಳೆದುಕೊಂಡ ಅಣುವು ಆಮ್ಲಜನಕದೊಡನೆ ಕೂಡಿ ನೆರೆಯ ಅಣುವಿನಿಂದ ಕೀಳುತ್ತದೆ. ಹೀಗೆ ಸರಪಳಿ ಬೆಳೆಯುತ್ತದೆ. ಎಣ್ಣೆ ಕಮಟುವುದೂ ಈ ಕ್ರಿಯೆಯಿಂದಲೇ. ಫೀನಾಲು ತನ್ನ ಹೈಡ್ರಾಕ್ಸಿಲ್ ಗುಂಪಿನ ಜಲಜನಕವನ್ನು ಕೊಟ್ಟು ಸರಪಳಿಯನ್ನು ತುಂಡರಿಸುತ್ತದೆ. ಆಗ ತಾನೂ ರ‍್ಯಾಡಿಕಲ್ ಆಗುವುದಾದರೂ, ಒಂಟಿ ಎಲೆಕ್ಟ್ರಾನು ಬೆಂಜೀನ್ ಉಂಗುರದಲ್ಲೆಲ್ಲ ಹರಡಿಕೊಳ್ಳುವುದರಿಂದ ಅದು ಹೊಸ ಸರಪಳಿಯನ್ನು ಸುಲಭವಾಗಿ ಆರಂಭಿಸದು.

ನೇರಿಳೆ ಬಣ್ಣದ ಡಿಪಿಪಿಎಚ್ ದ್ರಾವಣವು ಸಸ್ಯಸಾರದಿಂದ ಹಳದಿಯಾಗುವುದನ್ನು ನಮ್ಮ ವಿದ್ಯಾರ್ಥಿಗಳು ಅಳೆದಿದ್ದಾರೆ. ಅಷ್ಟರಿಂದಲೇ ಔಷಧಗುಣವನ್ನು ಸಾರಿಬಿಡುವ ಪ್ರಬಂಧಗಳು ಮಾತ್ರ ವಿಪುಲವಾಗಿವೆ! ಗಾಜಿನ ನಳಿಕೆ ದೇಹವಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಿಂದ 2002ರಲ್ಲಿ ಪ್ರಕಟವಾದ ಅಧ್ಯಯನದಂತೆ, ರಾಗಿಯ ಬಂಧಿತ ಫೀನಾಲಿಕ ಆಮ್ಲಗಳಲ್ಲಿ ಫೆರೂಲಿಕ್ ಆಮ್ಲವೇ ಮುಖ್ಯ. ಕೋಶಭಿತ್ತಿಗೆ ಕಟ್ಟಿಕೊಂಡ ಇದರ ಬಹುಭಾಗವು ದೊಡ್ಡ ಕರುಳನ್ನು ಮುಟ್ಟಿದ ಮೇಲೆ ಬ್ಯಾಕ್ಟೀರಿಯಗಳಿಂದ ಬಿಡುಗಡೆ ಹೊಂದುತ್ತದೆ. ರಕ್ತಕ್ಕೆ ಸೇರಿದುದೂ ಯಕೃತ್ತು ಮುಂತಾದೆಡೆ ರೂಪಾಂತರ ಹೊಂದುತ್ತದೆ. ರಕ್ತದಲ್ಲಿ ಮೊದಲೇ ಇರುವ ಯೂರಿಕ್ ಆಮ್ಲ, 'ಸಿ' ಜೀವಸತ್ತ್ವಗಳ ಮುಂದೆ ಅದರ ಪ್ರಮಾಣ ಅತ್ಯಲ್ಪ. ಆದುದರಿಂದ ಇಂಥ ಸಂಯುಕ್ತಗಳು ರ‍್ಯಾಡಿಕಲ್ಲುಗಳನ್ನು ನೇರವಾಗಿ ನಂದಿಸುವುದಕ್ಕಿಂತ, ಜೀವಕೋಶವೇ ರಕ್ಷಕ ಕಿಣ್ವಗಳನ್ನು ಹೆಚ್ಚಾಗಿ ತಯಾರಿಸುವಂತೆ ಪ್ರಚೋದಿಸುತ್ತವೆಯೆಂಬ ಅಭಿಪ್ರಾಯ ಬಲಗೊಂಡಿದೆ. ಫಿನ್ಲೆಂಡಿನಲ್ಲಿ ಧೂಮಪಾನಿಗಳಿಗೆ ಬೀಟಾ ಕ್ಯಾರೊಟೀನ್ ಗುಳಿಗೆಗಳನ್ನು ಕೊಟ್ಟು ನೋಡಿದಾಗ ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು ಏರಿತೆಂದು 1994ರಲ್ಲಿ ತಿಳಿದುಬಂದುದನ್ನೂ ಮರೆಯಲಾಗದು.

ಇನ್ನೊಂದು ಸಂಗತಿ ನಮ್ಮ ಹಳ್ಳಿಗಳ ರಕ್ತಹೀನತೆಗೆ ಸಂಬಂಧಿಸಿದುದು. ಸಿಪ್ಪೆಯ ಟ್ಯಾನಿನ್ನು ಕಬ್ಬಿಣದ ಅಯಾನನ್ನು ಹಿಡಿದಿಡುತ್ತದೆ. ಫೈಟಿಕ್ ಆಮ್ಲವೂ ಹಾಗೆಯೇ. ಕಾಳಿನಲ್ಲಿರುವ ಕಬ್ಬಿಣವೆಲ್ಲ ರಕ್ತಕ್ಕೆ ಸೇರದು. ಮೊಳಕೆ ಕಟ್ಟಿಸಿದರೆ ಈ ತಡೆ ಸ್ವಲ್ಪ ಸಡಿಲುತ್ತದೆ. ಮುದ್ದೆಯೊಡನೆ ಸೊಪ್ಪಿನ ಸಾರಿಗೆ ಹಿಂಡಿದ ನಿಂಬೆಯ 'ಸಿ' ಜೀವಸತ್ತ್ವವೂ ಕಬ್ಬಿಣದ ಹೀರಿಕೆಗೆ ನೆರವಾಗುತ್ತದೆ. ಬಿಳಿಯ ರಾಗಿಯ ತಳಿಗಳಲ್ಲಿ ಟ್ಯಾನಿನ್ನು ಬಹಳ ಕಡಿಮೆ, ಕಬ್ಬಿಣ ಹೆಚ್ಚು ಸುಲಭವಾಗಿ ದೊರಕುತ್ತದೆ. ಆದರೆ ಮೇಲೆ ವಿವರಿಸಿದ ಫೀನಾಲುಗಳೂ ಅಲ್ಲಿ ಅಷ್ಟೇ ಕಡಿಮೆ.