ಬ್ಯಾಟರಿಗೆ ಕೇಡು ಅಯಸ್ಕಾಂತದಿಂದಲ್ಲ, ಕಾವಿನಿಂದ

ರಾಯಚೂರು ಜಿಲ್ಲೆಯ ದೇವಸುಗೂರಿನ ಶಕ್ತಿನಗರದ ಶಾಖೋತ್ಪನ್ನ ಸ್ಥಾವರ 1985ರಿಂದ ವಿದ್ಯುತ್ ಕೊಡುತ್ತಿದೆ. ಅಲ್ಲಿ ಜನರೇಟರಿನ ವಿದ್ಯುತ್ಕಾಂತ ತಿರುಗಿದರೆ ಮಾತ್ರ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ. ಸುಮ್ಮನೆ ನಿಂತ ಅಯಸ್ಕಾಂತ ಏನನ್ನೂ ಹುಟ್ಟಿಸದು. ಕ್ಯಾಂಪರ್ ವ್ಯಾನಿನಲ್ಲಿ ಅಯಸ್ಕಾಂತವಿರುವ ಸ್ಪೀಕರಿನ ಪಕ್ಕ ಲಿಥಿಯಂ ಬ್ಯಾಟರಿ ಇಡಲು ಅಂಜುವವರಿಗೆ ಉತ್ತರ ಇಲ್ಲೇ ಇದೆ. ಬ್ಯಾಟರಿಯಲ್ಲಿ ಕಬ್ಬಿಣವಿದೆಯಲ್ಲ ಎನ್ನಬಹುದು. ಲಿಥಿಯಂ ಐರನ್ ಫಾಸ್ಫೇಟಿನಲ್ಲಿ ಕಬ್ಬಿಣ ಸಂಯುಕ್ತವಾಗಿ ಬೆರೆತಿದೆ, ಅದು ಮೊಳೆಯಂತೆ ಅಂಟಿಕೊಳ್ಳದು. ಇನ್ವರ್ಟರಿನ ಟ್ರಾನ್ಸ್‌ಫಾರ್ಮರಿನಲ್ಲಿ ಕಾಂತಕ್ಷೇತ್ರ ಸದಾ ಬದಲಾಗುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಆದರೆ ದೂರ ಸರಿದಂತೆ ಆ ಕ್ಷೇತ್ರ ಬೇಗ ಕ್ಷೀಣಿಸುತ್ತದೆ. ಅಯಸ್ಕಾಂತದ ಬಳಿ ತಪ್ಪು ತೋರಿಸಬಹುದಾದದ್ದು ದಿಕ್ಸೂಚಿ ಮತ್ತು ಕಾಂತಕ್ಷೇತ್ರದಿಂದ ಕರೆಂಟ್ ಅಳೆಯುವ ಹಾಲ್ ಸೆನ್ಸರಿನ ಮೀಟರು. ಅವನ್ನು ದೂರವಿಡಬೇಕು.

ನಿಜಕ್ಕೂ ಚಿಂತಿಸಬೇಕಾದ್ದು ಕಾವಿನ ಬಗ್ಗೆ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ವ್ಯಾನಿನೊಳಗೆ ಇನ್ನೂ ಹೆಚ್ಚು. ಅನೇಕ ಲಿಥಿಯಂ ಬ್ಯಾಟರಿಗಳನ್ನು 45 ಡಿಗ್ರಿ ಮೀರಿದರೆ ಚಾರ್ಜ್ ಮಾಡಬಾರದು. ದೇವದುರ್ಗ, ಮಾನ್ವಿ ಕಡೆಯ ದಾರಿಯ ಕುಲುಕಾಟಕ್ಕೆ ಟರ್ಮಿನಲ್ಲಿನ ನಟ್ಟು ಸಡಿಲಾದರೆ ಅಲ್ಲೂ ಕಾವೇ ಏರುತ್ತದೆ. ಬ್ಯಾಟರಿಗೂ ಇನ್ವರ್ಟರಿಗೂ ನಡುವೆ ಗಾಳಿಯಾಡಲು ಜಾಗ ಬಿಟ್ಟು, ಪಟ್ಟಿಯಿಂದ ಬಿಗಿದು, ಪ್ಲಸ್ ವೈರಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿಸಬೇಕು.