ಕೂಡಲೂರಿನ ಕಲ್ಲು, ಅಂಗೈಯ ಲಿಂಗ

1865ರಲ್ಲಿ ಮೇಜರ್ ಹೆನ್ರಿ ಡಿಕ್ಸನ್ ಎಂಬ ಸೇನಾಧಿಕಾರಿ ಕ್ಯಾಮೆರಾ, ಗಾಜಿನ ಫಲಕ, ರಾಸಾಯನಿಕಗಳನ್ನು ಹೇರಿಕೊಂಡು ಮೈಸೂರು ಸಂಸ್ಥಾನದ ಊರೂರು ಸುತ್ತಿದರು. ಅವರು ಮದ್ರಾಸಿನ 22ನೇ ದೇಶೀ ಪದಾತಿ ದಳದವರು. ಸರ್ಕಾರ ಅವರಿಗೆ ಒಪ್ಪಿಸಿದ್ದ ಕೆಲಸ ಹಳೆಯ ಶಾಸನಗಳ ಫೋಟೋ ತೆಗೆಯುವುದು. ಫಲಕಕ್ಕೆ ದ್ರಾವಣ ಬಳಿದು, ಅದು ಆರುವ ಮೊದಲೇ ಚಿತ್ರ ತೆಗೆದು, ಅಲ್ಲೇ ಕತ್ತಲೆ ಮಾಡಿಕೊಂಡು ತೊಳೆಯಬೇಕಾಗಿದ್ದ ಕಾಲವದು. ಹಾಗಿದ್ದೂ ಚಿತ್ರದುರ್ಗ, ದಾವಣಗೆರೆ, ಹರಿಹರ, ಬಳ್ಳಿಗಾವೆ ಮುಂತಾದ ಕಡೆಗಳಿಂದ ಸುಮಾರು 150 ಶಾಸನಗಳು ಗಾಜಿನ ಮೇಲೆ ಇಳಿದವು.

ಹರಿಹರ ಆಗ ಮೂಲೆಯ ಊರೇನೂ ಆಗಿರಲಿಲ್ಲ. ಬೆಂಗಳೂರಿನಿಂದ ಧಾರವಾಡದ ಕಡೆ ಹೋಗುವ ದಾರಿ ತುಂಗಭದ್ರೆಯನ್ನು ದಾಟುವುದು ಅಲ್ಲೇ. ಊರಿನ ಹೊರಗೆ ಆ ವರ್ಷದವರೆಗೂ ದಂಡು ಬೀಡುಬಿಟ್ಟಿತ್ತು. ಹರಿಹರೇಶ್ವರ ಗುಡಿಯ ಆವರಣದಲ್ಲಿ ಹಲವು ಶಾಸನಗಳು ನಿಂತಿದ್ದವು. ಹಣ್ಣುಕಾಯಿ ಹಿಡಿದು ಬಂದವರು ಅವುಗಳ ಮಗ್ಗುಲಲ್ಲೇ ಹಾದು ಒಳಗೆ ಹೋಗಿ, ಬಲಗಡೆ ಶಿವ, ಎಡಗಡೆ ವಿಷ್ಣು ಆಗಿರುವ ಮೂರ್ತಿಗೆ ಕೈಮುಗಿದು ಬರುತ್ತಿದ್ದರು. ಒಳಗಿನ ಮೂರ್ತಿ ಯಾಕೆ ಹಾಗಿದೆ ಎಂಬುದಕ್ಕೆ ಹೊರಗಿನ ಕಲ್ಲಿನಲ್ಲಿ ಉತ್ತರ ಬರೆದಿತ್ತು. ಆದರೆ ಹಳಗನ್ನಡದ ಆ ಅಕ್ಷರಗಳನ್ನು ಓದಬಲ್ಲವರು ಕಡಿಮೆ.

ಡಿಕ್ಸನ್ ತೆಗೆದ ಚಿತ್ರಗಳು ಕೊನೆಗೆ ಬಂದು ಸೇರಿದ್ದು ಬೆಂಜಮಿನ್ ಲೂಯಿಸ್ ರೈಸ್ ಅವರ ಕೈಗೆ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ರೈಸ್, ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗ. ಕೆತ್ತಿದ ರೂಪಕ್ಕೆ ಅಡ್ಡಬೀಳಬೇಡ ಎನ್ನುವುದು ಬೈಬಲಿನ ಹತ್ತು ಕಟ್ಟಳೆಗಳಲ್ಲೊಂದು. ಅದನ್ನು ಸಾರುತ್ತಿದ್ದ ಮನೆಯಲ್ಲಿ ಬೆಳೆದವರು ಗುಡಿಗುಡಿಯ ಕಲ್ಲು ಓದುವುದರಲ್ಲಿ ಆಯುಷ್ಯ ಕಳೆದರು. ಫೋಟೋಗಳನ್ನು ಪಂಡಿತರ ಜೊತೆ ಕೂತು ಓದಿ, 1879ರಲ್ಲಿ ಅನುವಾದಗಳ ಒಂದು ಪುಸ್ತಕ ತಂದರು. ಸವೆದ ಅಕ್ಷರ ಫೋಟೋದಲ್ಲಿ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಆಮೇಲೆ ಪುರಾತತ್ವ ಇಲಾಖೆಯ ಹೊಣೆ ಹೊತ್ತು ಸಂಸ್ಥಾನದ ಹಳ್ಳಿ ಹಳ್ಳಿಯ ಶಾಸನಗಳನ್ನು ಮತ್ತೆ ಓದಿಸಿದರು. ಚಿತ್ರದುರ್ಗ ಜಿಲ್ಲೆಯ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೊಂದನೆಯ ಸಂಪುಟವಾಗಿ 1903ರಲ್ಲಿ ಬಂದವು. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ಹರಿಹರದ ಶಾಸನಗಳನ್ನು ಹುಡುಕುವವರು ಇವತ್ತಿಗೂ ತೆರೆಯಬೇಕಾದದ್ದು ಆ ಚಿತ್ರದುರ್ಗದ ಸಂಪುಟವನ್ನೇ.

ಆ ಓದಿನಿಂದ ಹೊರಬಿದ್ದ ಹೆಸರು ಪೋಲಾಳ್ವ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ, ಮಂತ್ರಿ. 1224ರ ಸುಮಾರಿಗೆ ಈ ಗುಡಿ ಕಟ್ಟಿಸಿದವನು ಅವನೇ ಎಂದು ತಿಳಿಯಿತು. ಇಸವಿ, ಅರಸು, ದಾನದ ವಿವರ ಎಲ್ಲ ಶಾಸನಗಳಲ್ಲೂ ಸಿಗುವಂಥವು. ಇಲ್ಲಿ ಅದರಾಚೆಗೆ ಇನ್ನೊಂದು ಮಾತಿತ್ತು. ಹರಿಯಲ್ಲದೆ ದೇವರಿಲ್ಲ ಎಂದು ಕೆಲವರು, ಹರನಲ್ಲದೆ ದೇವರಿಲ್ಲ ಎಂದು ಕೆಲವರು ಹಟ ಹಿಡಿದಿರಲು, ಆ ಸಂಶಯ ಹರಿಯಲೆಂದು ಇಬ್ಬರೂ ಕೂಡಲೂರಿನಲ್ಲಿ ಒಂದೇ ರೂಪವಾಗಿ ತೋರಿದರು ಎನ್ನುವುದು ಅದರ ತಾತ್ಪರ್ಯ. ತುಂಗಭದ್ರೆಗೆ ಹರಿದ್ರಾ ನದಿ ಬಂದು ಸೇರುವ ಈ ಊರಿನ ಹಳೆಯ ಹೆಸರು ಕೂಡಲೂರು.

ಊರಿನವರು ಹೇಳುವ ಸ್ಥಳಪುರಾಣ ಬೇರೆ. ಗುಹಾಸುರ ಎಂಬ ರಕ್ಕಸ ಬ್ರಹ್ಮನಿಂದ, ಹರಿಯಿಂದಲೂ ಹರನಿಂದಲೂ ಸಾಯದಂಥ ವರ ಪಡೆದ. ಇಬ್ಬರೂ ಒಂದಾಗಿ ಬಂದು ಅವನನ್ನು ಕೊಂದರು. ಪುರಾಣಕ್ಕೆ ಒಬ್ಬ ರಕ್ಕಸ ಬೇಕು. ಶಾಸನ ಹೇಳುವ ಜಗಳದಲ್ಲಿ ರಕ್ಕಸನ ಜಾಗದಲ್ಲಿರುವುದು ಭಕ್ತರ ಹಟ. ಕಲ್ಲು ಓದಿಸಿಕೊಂಡ ಮೇಲೆ ಗರ್ಭಗುಡಿಯ ಮೂರ್ತಿಗೆ ಎರಡನೆಯ ಅರ್ಥವೊಂದು ಹುಟ್ಟಿತು. ಪೂಜೆಗೊಳ್ಳುವ ದೇವರು ಹೌದು. ಜೊತೆಗೆ ಒಂದು ವಾದಕ್ಕೆ ಕಲ್ಲಿನಲ್ಲಿ ಕಡೆದು ಕೊಟ್ಟ ಉತ್ತರವೂ ಹೌದು.

ಈ ರೂಪವನ್ನು ಮೊದಲು ಕಂಡುಕೊಂಡವನು ಪೋಲಾಳ್ವನಲ್ಲ. ಬಾದಾಮಿಯ ಒಂದನೆಯ ಗುಹೆಯಲ್ಲಿ ಆಳೆತ್ತರ ಮೀರಿದ ಹರಿಹರನಿದ್ದಾನೆ. ಪಕ್ಕದ ಮೂರನೆಯ ಗುಹೆಯ ಶಾಸನ 578ರದು. ಅಂದರೆ ಪೋಲಾಳ್ವನಿಗಿಂತ ಆರು ಶತಮಾನಕ್ಕೂ ಹಿಂದೆ ಚಾಲುಕ್ಯರ ಶಿಲ್ಪಿಗಳಿಗೆ ಈ ಕೂಡಿಕೆ ಗೊತ್ತಿತ್ತು. ಪೋಲಾಳ್ವ ಮಾಡಿದ್ದು, ಗುಹೆಯ ಗೋಡೆಯಲ್ಲಿ ಹಲವರಲ್ಲಿ ಒಬ್ಬನಾಗಿ ನಿಂತಿದ್ದವನನ್ನು ಗರ್ಭಗುಡಿಯ ಒಡೆಯನನ್ನಾಗಿ ಮಾಡಿದ್ದು. ಅದಕ್ಕೆ ಅವನು ಆರಿಸಿಕೊಂಡ ಜಾಗ ಹೊಯ್ಸಳರಿಗೂ ದೇವಗಿರಿಯ ಸೇವುಣರಿಗೂ ನಡೆಯುತ್ತಿದ್ದ ಕಾದಾಟದ ಗಡಿಸೀಮೆ. ಪ್ರಜೆಗಳು ದೇವರ ಹೆಸರಿನಲ್ಲಿ ಎರಡಾಗುವುದು ಗಡಿ ಕಾಯುವ ಮಂತ್ರಿಗೆ ಹಿಡಿಸದ ಸಂಗತಿಯೂ ಆಗಿದ್ದೀತು. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಈ ಗುಡಿಗೆ ಐದು ನೆಲೆಯ ಬಾಗಿಲು ಕಟ್ಟಿಸಿ ಹೊನ್ನ ಕಳಸ ಇಡಿಸಿದ. ಸೋಮನಾಥಪುರದಲ್ಲಿ ಕೇಶವನಿಗೂ ಶಿವಲಿಂಗಗಳಿಗೂ ಗುಡಿ ಮಾಡಿಸಿದವನು ಇವನೇ.

ಇಷ್ಟು ಕಲ್ಲಿನ ಕಡೆಯ ಮಾತು. ಪೋಲಾಳ್ವ ಗುಡಿ ಕಟ್ಟಿಸುವುದಕ್ಕೆ ಅರವತ್ತು ವರ್ಷ ಹಿಂದೆಯೇ ಕಲ್ಯಾಣದಲ್ಲಿ ಇನ್ನೊಂದು ಮಾತು ಎದ್ದಿತ್ತು. ಜಗಳ ಬಿಡಿಸಲು ಇನ್ನೊಂದು ಮೂರ್ತಿ ಯಾಕೆ, ಗುಡಿಯೇ ಯಾಕೆ ಎಂದು ಕೇಳಿದ ಶರಣರ ಮಾತು ಅದು. ಆ ಮಾತು ಶಾಸನಗಳಲ್ಲಿ ಸಿಗುವುದಿಲ್ಲ, ಯಾಕೆಂದರೆ ಶಾಸನ ಹಾಕಿಸುವವರು ಉಳ್ಳವರು. ಶರಣರ ಮಾತು ಉಳಿದದ್ದು ತಾಳೆಗರಿಯಲ್ಲಿ. ಹಾಗಾಗಿ ಅದು ಮತ್ತೆ ಸಿಕ್ಕ ಕತೆಯೂ ಬೇರೆ, ಹುಡುಕಿದವರೂ ಬೇರೆ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿ 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದವರು. ಡಿಕ್ಸನ್, ರೈಸ್ ಇವರ ಬೆನ್ನಿಗೆ ಸರ್ಕಾರವಿತ್ತು. ಹಳಕಟ್ಟಿಯವರಿಗಿದ್ದದ್ದು ತಮ್ಮ ದುಡಿಮೆ ಮಾತ್ರ. ಮಠಗಳಿಂದ, ಮನೆಗಳಿಂದ ಓಲೆಗರಿ ಕಟ್ಟುಗಳನ್ನು ಕೂಡಿಹಾಕಿದರು. ಎಷ್ಟೋ ಮನೆಗಳಲ್ಲಿ ಆ ಕಟ್ಟುಗಳು ದೇವರ ಜಗಲಿ ಏರಿ ವಿಭೂತಿ ಹಚ್ಚಿಸಿಕೊಂಡು ಕೂತಿದ್ದವು. ಒಳಗೆ ಏನು ಬರೆದಿದೆ ಎಂದು ಬಿಚ್ಚಿ ನೋಡಿದವರಿಲ್ಲ. ಗುಡಿಯ ಪೂಜೆಯನ್ನು ಪ್ರಶ್ನಿಸಿದ ಬರಹವೇ ಪೂಜೆಯ ವಸ್ತುವಾಗಿತ್ತು. ಹಳಕಟ್ಟಿ ಅವನ್ನು ಬಿಚ್ಚಿ, ಪಾಠ ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚು ಹಾಕಿಸಿದರು. ಮುಂದೆ ತಮ್ಮದೇ ಹಿತಚಿಂತಕ ಮುದ್ರಣಾಲಯ ತೆರೆದು, 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದರು.

ಓಲೆಯಿಂದ ಅಚ್ಚಿಗೆ ಬಂದ ವಚನಗಳು ದೇವರ ಮೂರ್ತಿಯನ್ನು ಒರೆಗೆ ಹಚ್ಚಿದ ಬಗೆ ಖಡಕ್ಕು. ಉರಿ ಕಂಡರೆ ಮುರುಟಿಹೋಗುವುದು, ಕಷ್ಟಕ್ಕೆ ಮಾರಾಟವಾಗುವುದು, ಅಂಜಿಕೆಯಾದರೆ ನೆಲದಡಿ ಅಡಗುವುದು ದೇವರಾಗುವುದು ಹೇಗೆ ಎಂದು ಬಸವಣ್ಣನವರು ಕೇಳುತ್ತಾರೆ. ಗುಡಿ ಕಟ್ಟಿಸುವುದು ದುಡ್ಡಿದ್ದವರ ಕೆಲಸ ಎಂಬ ಅರಿವೂ ಅವರಿಗಿದೆ. ಹಾಗೆಂದು ಶರಣರು ಕೈ ಬರಿದು ಮಾಡಿಕೊಳ್ಳಲಿಲ್ಲ. ಸ್ಥಾವರ ಲಿಂಗದ ಜಾಗಕ್ಕೆ ಇಷ್ಟಲಿಂಗ ಬಂತು. ಕರಡಿಗೆಯಲ್ಲಿಟ್ಟು ಶಿವದಾರದಲ್ಲಿ ಎದೆಗೆ ಕಟ್ಟಿಕೊಳ್ಳುವ, ಪೂಜೆಯ ಹೊತ್ತಿಗೆ ಎಡ ಅಂಗೈ ಮೇಲಿಟ್ಟು ನೋಟ ನೆಡುವ ಪುಟ್ಟ ಲಿಂಗ. ಅದಕ್ಕೆ ಪೂಜಾರಿ ಬೇಡ, ಬಾಗಿಲಿಲ್ಲ. ಒಳಗೆ ಯಾರು ಬರಬಹುದು, ಯಾರು ಹೊರಗೆ ನಿಲ್ಲಬೇಕು ಎಂಬ ಮಾತೇ ಬರುವುದಿಲ್ಲ. ಹೆಂಗಸರ ಕೊರಳಲ್ಲೂ ಅದೇ, ಸೌದೆ ಹೊರುವವರ ಕೊರಳಲ್ಲೂ ಅದೇ.

ಶರಣರ ಈ ನೆನಪಿಗೆ ಬೀದಿಯ ನೆಲೆ ಸಿಕ್ಕಿದ್ದು ಹರಿಹರದಿಂದ ಹದಿನಾಲ್ಕು ಕಿಲೋಮೀಟರ್ ದೂರದ ದಾವಣಗೆರೆಯಲ್ಲಿ. ಬನವಾಸಿಯಲ್ಲಿ ಹುಟ್ಟಿದ ಹರ್ಡೇಕರ್ ಮಂಜಪ್ಪ 1906ರಲ್ಲಿ ದಾವಣಗೆರೆಗೆ ಬಂದು ‘ಧನುರ್ಧಾರಿ’ ಪತ್ರಿಕೆ ಶುರುಮಾಡಿದರು. ಮುಂದೆ ಕರ್ನಾಟಕದ ಗಾಂಧಿ ಎಂದು ಹೆಸರಾದವರು ಇವರೇ. ಆಗ ವಿರಕ್ತಮಠದಲ್ಲಿದ್ದ ಮೃತ್ಯುಂಜಯ ಸ್ವಾಮಿಗಳ ಜೊತೆಗೂಡಿ 1913ರಲ್ಲಿ ಆ ಮಠದಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದರು. ಅದೇ ಮೊದಲು. ಹಳಕಟ್ಟಿಯವರ ಗ್ರಂಥ ಬರುವುದಕ್ಕೆ ಇನ್ನೂ ಹತ್ತು ವರ್ಷ ಬಾಕಿಯಿತ್ತು. ದಾವಣಗೆರೆ ಜನ ಬಸವಣ್ಣನವರ ಹಬ್ಬ ಮಾಡಿದ್ದು ಮೊದಲು. ಅವರ ಮಾತುಗಳು ಒಟ್ಟಾಗಿ ಕೈಗೆ ಸಿಕ್ಕಿದ್ದು ಆಮೇಲೆ.

ಇವತ್ತು ಆ ಜಯಂತಿಯ ದಿನ ಊರೂರಲ್ಲಿ ಬಸವಣ್ಣನವರ ಭಾವಚಿತ್ರದ ಮೆರವಣಿಗೆ ಹೊರಡುತ್ತದೆ. ವೃತ್ತಗಳಲ್ಲಿ ಕುದುರೆ ಏರಿದ ಪ್ರತಿಮೆಗೆ ಹಾರ ಬೀಳುತ್ತದೆ. ಮೂರ್ತಿಯನ್ನು ಪ್ರಶ್ನಿಸಿದವರಿಗೇ ಮೂರ್ತಿಯೇ ಎಂದು ನಗುವವರಿದ್ದಾರೆ. ನಗುವುದು ಸುಲಭ. ಆದರೆ ಹಾರ ಹಾಕುವವರನ್ನು ಕೇಳಿ ನೋಡಿ: ಈ ಕಂಚಿನಲ್ಲಿ ಬಸವಣ್ಣ ಇದ್ದಾರೆ ಎಂದು ಯಾರೂ ಹೇಳುವುದಿಲ್ಲ. ನೆನಪಿಗೆ ಒಂದು ಗುರುತು ಬೇಕು, ಸೇರುವುದಕ್ಕೆ ಒಂದು ಜಾಗ ಬೇಕು ಎನ್ನುತ್ತಾರೆ. ಇಷ್ಟಲಿಂಗ ಕಟ್ಟಿದವರೂ ಅದನ್ನು ಕುರುಹು ಎಂದೇ ಕರೆದರು. ಅಲ್ಲಮಪ್ರಭುವಿಗೆ ಅದೂ ಸಾಲಲಿಲ್ಲ. ಕುರುಹು ಹಿಡಿದವನು ಕುರುಹಿನಲ್ಲೇ ನಿಂತುಬಿಟ್ಟರೆ ಗತಿ ಏನು ಎಂದು ಲಿಂಗ ಹಿಡಿದ ಕೈಯನ್ನೇ ಪ್ರಶ್ನಿಸಿದ. ವಿಗ್ರಹಾರಾಧನೆಯ ಮೇಲೆ ಕನ್ನಡದಲ್ಲಿ ನಡೆದ ಅತಿ ಕಟುವಾದ ವಿಚಾರಣೆ ಶರಣರು ತಮ್ಮೊಳಗೇ ನಡೆಸಿಕೊಂಡದ್ದು.

ಇದೇ ವಿಚಾರಣೆ ಬೇರೆ ಕಡೆಯೂ ನಡೆದಿದೆ. ಎಂಟನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಗಳು ಏಸು, ಮೇರಿಯರ ಚಿತ್ರಗಳನ್ನು ತೆಗೆಸಿ ಹಾಕಿಸಿದರು. ಹತ್ತು ಕಟ್ಟಳೆಗಳ ಮಾತು ಅವರ ಒಂದು ಆಧಾರ. 787ರಲ್ಲಿ ನಿಸಿಯಾದಲ್ಲಿ ಸೇರಿದ ಧರ್ಮಸಭೆ ಇದನ್ನು ಬಗೆಹರಿಸಿತು: ಆರಾಧನೆ ದೇವರೊಬ್ಬನಿಗೇ, ಚಿತ್ರಕ್ಕೆ ಸಲ್ಲುವುದು ಗೌರವ, ಅದೂ ಚಿತ್ರದಲ್ಲಿರುವವರಿಗೆ ಹೋಗಿ ಮುಟ್ಟುತ್ತದೆ. ಜಗಳ ಪೂರ್ತಿ ಆರಿದ್ದು 843ರಲ್ಲಿ. ಅಷ್ಟು ದೂರದ ಈ ತೀರ್ಪಿಗೂ ಹರಿಹರಕ್ಕೂ ನಂಟಿದೆ. ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ ಇಲ್ಲಿಯ ಆರೋಗ್ಯಮಾತೆಯ ಚರ್ಚನ್ನು ಪೋಪ್ ಫ್ರಾನ್ಸಿಸ್ 2019ರಲ್ಲಿ ಬೆಸಿಲಿಕಾ ಪದವಿಗೆ ಏರಿಸಿದರು. ಸೆಪ್ಟೆಂಬರ್ 8ರ ಹಬ್ಬಕ್ಕೆ ಬರುವವರಲ್ಲಿ ಬೇರೆ ಧರ್ಮದವರೂ ಇರುತ್ತಾರೆ. ಮಾತೆಯ ಪ್ರತಿಮೆಯ ಮುಂದೆ ಮೇಣದ ಬತ್ತಿ ಹಚ್ಚುವವರು ನಿಸಿಯಾದ ಹೆಸರು ಕೇಳಿರಬೇಕಿಲ್ಲ. ಆ ಬತ್ತಿಗೆ ಒಪ್ಪಿಗೆ ಸಿಕ್ಕದ್ದು ಅಲ್ಲಿ. ಇತ್ತ ಮಧ್ಯ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಬಂತೆಂದರೆ ಪಂಜಾ ಕೂರಿಸುತ್ತಾರೆ; ಹಿಂದೂಗಳೂ ಸಕ್ಕರೆ ಓದಿಸುತ್ತಾರೆ. ಇದು ಕೂಡದು ಎನ್ನುವ ಮುಸ್ಲಿಮರೂ ಉಂಟು. ರೂಪವೇ ಇಲ್ಲದ ದೇವರನ್ನು ನಂಬುವವರಲ್ಲೂ ಗುರುತಿನ ಪ್ರಶ್ನೆ ಮುಗಿದಿಲ್ಲ ಎಂದಾಯಿತು.

ಡಿಕ್ಸನ್ನರ ಗಾಜಿನಿಂದ ಹಳಕಟ್ಟಿಯವರ ಅಚ್ಚಿನವರೆಗಿನ ಆರು ದಶಕಗಳಲ್ಲಿ ನಮಗೆ ಸಿಕ್ಕಿದ್ದು ಒಂದೇ ವಾದದ ಎರಡು ಪಕ್ಷಗಳ ದಾಖಲೆ. ಅದಕ್ಕೆ ಮೊದಲು ವಿಗ್ರಹಾರಾಧನೆಯ ಚರ್ಚೆ ಎಂದರೆ ಪಾದ್ರಿಗಳು ಹೊರಗಿನಿಂದ ತಂದ ಆಕ್ಷೇಪ ಎಂದು ತೋರುತ್ತಿತ್ತು. ಎರಡು ದಾಖಲೆಗಳನ್ನೂ ಎದುರಿಗಿಟ್ಟುಕೊಂಡರೆ, ಮೂರ್ತಿ ಇಟ್ಟವರು ಒಂದು ಕಡೆ, ಇಡದವರು ಇನ್ನೊಂದು ಕಡೆ ಎಂಬ ಗೆರೆ ನಿಲ್ಲುವುದಿಲ್ಲ. ಪೋಲಾಳ್ವ ಮೂರ್ತಿ ಇಟ್ಟ, ಆದರೆ ನನ್ನ ಮೂರ್ತಿಯೇ ದೇವರು ಎನ್ನುವ ಹಟವನ್ನು ಮುರಿಯಲು ಇಟ್ಟ. ಶರಣರು ಗುಡಿ ಬಿಟ್ಟರು, ಆದರೆ ಲಿಂಗವನ್ನು ಬಿಡದೆ ಎಲ್ಲರ ಎದೆಗೆ ಕಟ್ಟಿದರು. ಇಬ್ಬರಿಗೂ ಅಂಜಿಕೆ ಒಂದೇ: ಭಕ್ತ ಕಲ್ಲಿನ ಹತ್ತಿರ ಬಂದು ಅಲ್ಲೇ ನಿಂತುಬಿಟ್ಟಾನು.

ಹಾಗಾದರೆ ವಿಗ್ರಹದ ಮುಂದೆ ಕೈಮುಗಿಯುವುದು ಕಲ್ಲಿನ ಪೂಜೆಯೋ ಅಲ್ಲವೋ? ಮೂರ್ತಿಯನ್ನು ನೋಡಿ ಇದನ್ನು ಹೇಳಲಾಗದು. ಅದರ ಸುತ್ತ ನಡೆಯುವುದನ್ನು ನೋಡಬೇಕು. ಅದು ಪಕ್ಕದವನ ದೇವರಿಗೆ ಅರ್ಧ ಜಾಗ ಬಿಡುತ್ತದೆಯೇ, ಬಾಗಿಲಲ್ಲಿ ಯಾರನ್ನಾದರೂ ತಡೆಯುತ್ತದೆಯೇ? ಮೊದಲನೆಯದು ಪೋಲಾಳ್ವನ ಒರೆಗಲ್ಲು, ಎರಡನೆಯದು ಶರಣರದು. ಹರಿಹರೇಶ್ವರನ ಗುಡಿ ಮೊದಲನೆಯದರಲ್ಲಿ ಎಂಟುನೂರು ವರ್ಷದ ಹಿಂದೆಯೇ ಗೆದ್ದಿದೆ. ಎರಡನೆಯದರಲ್ಲಿ ನಾಡಿನ ಎಷ್ಟು ಗುಡಿಗಳು ಗೆಲ್ಲುತ್ತವೆ ಎಂಬ ಲೆಕ್ಕ ಇನ್ನೂ ಬಾಕಿ ಇದೆ.