ಗರ್ಭಕೋಶದ ಕ್ಯಾನ್ಸರ್: ರೋಗದ ಗುಣ ಹೇಳುವ ಪ್ರೋಟೀನುಗಳು

ಮುಟ್ಟು ನಿಂತು ವರ್ಷ ಕಳೆದ ಬಳಿಕ ಮತ್ತೆ ರಕ್ತ ಕಾಣಿಸಿಕೊಂಡರೆ ಅದನ್ನು ಉಷ್ಣವೆಂದು ತಳ್ಳಿಹಾಕುವುದು, ನಾಚಿಕೆಯಿಂದ ಮುಚ್ಚಿಡುವುದು ನಮ್ಮ ಮನೆಗಳಲ್ಲಿ ಇಂದಿಗೂ ಉಂಟು. ಹೀಗೆ ರಕ್ತ ಕಂಡ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ, ಆದುದರಿಂದ ಗಾಬರಿಯಾಗಬೇಕಾಗಿಲ್ಲ. ಆದರೆ ಆ ವಯಸ್ಸಿನಲ್ಲಿ ಗರ್ಭಕೋಶದ ಒಳಪೊರೆಯ ಕ್ಯಾನ್ಸರ್ ಬಂದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ರಕ್ತಸ್ರಾವ ಆಗಿಯೇ ಇರುತ್ತದೆ. ಆದುದರಿಂದ ಉದಾಸೀನವೂ ಸಲ್ಲದು.

ವೈದ್ಯರು ಒಳಪೊರೆಯ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ರೋಗ ಉಂಟೋ ಇಲ್ಲವೋ ಎಂಬುದನ್ನಷ್ಟೇ ಅಲ್ಲದೆ, ರೋಗದ ಗುಣವನ್ನೂ ಆ ಚೂರು ಹೇಳಬಲ್ಲದು. ಅದು ಹೇಗೆಂಬುದನ್ನು ನೋಡೋಣ.

ಜೀವಕೋಶ ವಿಭಜನೆಯ ಚಿತ್ರವನ್ನು ನಾವು ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆದು ಕಲಿಸುತ್ತೇವೆ. ಜೀವಕೋಶವು ಮೊದಲು ಬೆಳೆಯುತ್ತದೆ, ತನ್ನ ಡಿ.ಎನ್.ಎ.ಯನ್ನು ಇಮ್ಮಡಿಗೊಳಿಸುತ್ತದೆ, ಬಳಿಕ ಎರಡಾಗುತ್ತದೆ. ಈ ಚಕ್ರವನ್ನು ಮುಂದಕ್ಕೆ ನಡೆಸುವವು ಸೈಕ್ಲಿನ್ ಮೊದಲಾದ ಪ್ರೋಟೀನುಗಳು. ಇದರ ಮರ್ಮವನ್ನು ಬಿಡಿಸಿದ ಹಾರ್ಟ್‌ವೆಲ್, ಹಂಟ್ ಮತ್ತು ನರ್ಸ್ ಎಂಬ ವಿಜ್ಞಾನಿಗಳಿಗೆ 2001ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. 1979ರಲ್ಲಿ ಬೆಳಕಿಗೆ ಬಂದ ಪಿ-53 ಎಂಬ ಪ್ರೋಟೀನಾದರೋ ಕಾವಲುಗಾರನಿದ್ದಂತೆ. ಡಿ.ಎನ್.ಎ.ಗೆ ಹಾನಿಯಾಗಿದ್ದರೆ ಅದು ಚಕ್ರವನ್ನು ತಡೆಯುತ್ತದೆ. ಹಾನಿ ಸರಿಹೋಗದಿದ್ದರೆ ಆ ಜೀವಕೋಶವೇ ಸಾಯುವಂತೆ ಮಾಡುತ್ತದೆ. ಈ ಕಾವಲು ಕೆಟ್ಟಾಗ ದೋಷವುಳ್ಳ ಜೀವಕೋಶಗಳು ತಡೆಯಿಲ್ಲದೆ ಹೆಚ್ಚುತ್ತವೆ.

ಪ್ರಯೋಗಶಾಲೆಯಲ್ಲಿ ಆ ಚೂರಿನ ತೆಳು ಪದರಕ್ಕೆ ಬಣ್ಣ ಹಾಯಿಸಿ ನೋಡುತ್ತಾರೆ. ಪಿ-53 ಸರಿಯಿದ್ದರೆ ಜೀವಕೋಶಗಳ ಬಣ್ಣ ಕೆಲವೆಡೆ ಗಾಢ, ಕೆಲವೆಡೆ ತೆಳು. ಕೆಟ್ಟಿದ್ದರೆ ಸಾಮಾನ್ಯವಾಗಿ ಎಲ್ಲವೂ ಗಾಢವಾಗಿರುತ್ತವೆ, ಇಲ್ಲವೇ ಒಂದಕ್ಕೂ ಬಣ್ಣ ಹತ್ತುವುದಿಲ್ಲ. 1983ರಲ್ಲಿ ಗುರುತಿಸಲಾದ ಕೆಐ-67 ಎಂಬ ಇನ್ನೊಂದು ಪ್ರೋಟೀನು ವಿಭಜನೆಯಲ್ಲಿ ತೊಡಗಿರುವ ಜೀವಕೋಶಗಳಲ್ಲಿ ಕಾಣುತ್ತದೆ. ಅದು ಹೆಚ್ಚಿದ್ದಷ್ಟೂ ಗೆಡ್ಡೆಯ ಬೆಳವಣಿಗೆ ಚುರುಕೆಂದು ಅರ್ಥ.

2013ರಲ್ಲಿ ಅಮೆರಿಕದ ಸಂಶೋಧಕರು 373 ಗೆಡ್ಡೆಗಳನ್ನು ಪರಿಶೀಲಿಸಿ ಈ ರೋಗವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಅವುಗಳಲ್ಲಿ ಪಿ-53 ಕೆಟ್ಟಿರುವ ಬಗೆಯೇ ಹೆಚ್ಚು ಉಗ್ರವಾದುದು. 2023ರಲ್ಲಿ ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟವು ರೋಗದ ಹಂತವನ್ನು ನಿರ್ಣಯಿಸುವ ಕ್ರಮದಲ್ಲೂ ಈ ಲಕ್ಷಣಕ್ಕೆ ಸ್ಥಾನ ನೀಡಿತು.

ಆದರೆ ಈ ಗುರುತು ಹಣೆಬರಹವಲ್ಲ, ಚಿಕಿತ್ಸೆಗೆ ದಾರಿದೀಪ. ಶಸ್ತ್ರಚಿಕಿತ್ಸೆಯ ಬಳಿಕ ಕಿರಣ ಚಿಕಿತ್ಸೆಯೊಡನೆ ಔಷಧಿ ಚಿಕಿತ್ಸೆಯನ್ನೂ ಸೇರಿಸಿದರೆ ಪಿ-53 ಕೆಟ್ಟಿರುವವರಿಗೆ ಹೆಚ್ಚು ಪ್ರಯೋಜನವೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಆದುದರಿಂದ ವರದಿಯನ್ನು ಜೋಪಾನವಾಗಿಡಿ, "ಪಿ-53 ಪರೀಕ್ಷೆ ಆಗಿದೆಯೇ?" ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಎಲ್ಲಕ್ಕಿಂತ ಮೊದಲು, ಮನೆಯ ಹಿರಿಯ ಹೆಣ್ಣುಮಕ್ಕಳು ಈ ಮಾತನ್ನು ಬಾಯಿಬಿಟ್ಟು ಹೇಳುವಂತಹ ಸಲುಗೆಯನ್ನು ನಾವು ಮನೆಯಲ್ಲಿ ಬೆಳೆಸಬೇಕು.